ಬಿಸಿಲು, ಒರತೆ, ಮಳೆ: ಜಪಾನಿನ ಮೂರು ಕರಾವಳಿಗಳಲ್ಲಿ ನಿಮಗೆ ಯಾವುದು?

ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸುರಿಯುವಷ್ಟು ಮಳೆ ಜಪಾನಿನ ತಕಮತ್ಸು ಎಂಬ ಕಡಲೂರಿಗೆ ಇಡೀ ವರ್ಷಕ್ಕೆ ಬೀಳುತ್ತದೆ. ಹೆಚ್ಚುಕಡಿಮೆ 1,150 ಮಿಲಿಮೀಟರ್. ಅಲ್ಲಿಂದ ಪೂರ್ವಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ ಓವಾಸೆ ಎಂಬ ಇನ್ನೊಂದು ಕಡಲೂರಿದೆ. ಅಲ್ಲಿ ವರ್ಷಕ್ಕೆ 4,000 ಮಿಲಿಮೀಟರ್‌ಗೆ ಸಮೀಪ. ಪ್ರವಾಸದ ಕೈಪಿಡಿಗಳು ಮಾತ್ರ ಎರಡೂ ಕಡೆಗೆ ಒಂದೇ ಸಾಲನ್ನು ಬರೆದು ಕೈತೊಳೆದುಕೊಳ್ಳುತ್ತವೆ: ಹಿತವಾದ ಹವೆ, ಒಳ್ಳೆಯ ಊಟ, ಕಣ್ಣಿಗೆ ಹಬ್ಬ. ಆ ಸಾಲನ್ನು ನಂಬಿ ಮೊದಲ ಸಲ ಹೋದಾಗ ನಾನು ಕೊಡೆ ಒಯ್ದಿರಲಿಲ್ಲ.

ಟೋಕಿಯೊ, ಕ್ಯೋಟೊ ನೋಡಿ ಮುಗಿಸಿದವರು ‘ಇನ್ನು ಕಡಲ ಕಡೆಗೆ ಹೋಗೋಣ’ ಎಂದಾಗ ಮೂರು ಹೆಸರುಗಳು ಎದುರಿಗೆ ಬರುತ್ತವೆ. ಟೋಕಿಯೊ ಪಕ್ಕದ ಇಜು ಪರ್ಯಾಯದ್ವೀಪ. ಹೋನ್ಶು ಮತ್ತು ಶಿಕೋಕು ದ್ವೀಪಗಳ ನಡುವಿನ ಒಳಗಡಲ ಸೀಮೆಯಾದ ಸೆತೌಚಿ, ತಕಮತ್ಸು ಇರುವುದು ಇಲ್ಲೇ. ಒಸಾಕಾದ ದಕ್ಷಿಣಕ್ಕೆ ವಕಯಾಮಾ ಪ್ರಾಂತ್ಯದ ತುದಿಯಲ್ಲಿ, ಓವಾಸೆಯ ನೆರೆಯಲ್ಲಿರುವ ನಾನ್ಕಿ. ಮೂರರಲ್ಲೂ ಚಳಿಗಾಲ ಜಪಾನಿನ ಮಟ್ಟಿಗೆ ಮೃದು. ಆದರೆ ಈ ‘ಮೃದು’ ಎಂಬ ಮಾತು ಹೊಕ್ಕೈಡೊದ ಹಿಮಕ್ಕೆ ಹೋಲಿಸಿ ಹೇಳಿದ್ದು. ಜನವರಿಯಲ್ಲಿ ತಕಮತ್ಸುವಿನ ಸರಾಸರಿ ಉಷ್ಣತೆ ಆರು ಡಿಗ್ರಿಯ ಆಸುಪಾಸು. ಬೆಂಗಳೂರಿನ ಡಿಸೆಂಬರ್ ಬೆಳಗಿಗೇ ಮಫ್ಲರ್ ಸುತ್ತಿಕೊಳ್ಳುವ ನಾವು ಅದನ್ನು ಬೆಚ್ಚಗೆ ಎನ್ನುವುದಿಲ್ಲ.

ನಾನು ಕುಮಟಾದವಳು, ಮೀನಿಲ್ಲದೆ ಎರಡು ದಿನ ಕಳೆದರೆ ಮೂರನೆಯ ದಿನ ಮುಖ ಸಪ್ಪಗಾಗುತ್ತದೆ. ನನ್ನ ಗಂಡ ಶಿವಮೊಗ್ಗದವರು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಒಂದೇ ಮೇಜಿನ ಈ ಎರಡು ತಟ್ಟೆಗಳನ್ನು ಹೊತ್ತುಕೊಂಡು ಮೂರೂ ಕರಾವಳಿಗಳನ್ನು ಬೇರೆ ಬೇರೆ ವರ್ಷಗಳಲ್ಲಿ ಸುತ್ತಿದ್ದೇವೆ. ಸಮುದ್ರದ ನೋಟ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ, ಅದನ್ನಿಟ್ಟುಕೊಂಡು ಊರು ಆರಿಸಲು ಹೋದರೆ ಬಗೆಹರಿಯುವುದಿಲ್ಲ. ನೆಲದ ಮೇಲೆ ಬೀಳುವ ನೀರನ್ನು ನೋಡಿ. ತಟ್ಟೆಗೆ ಏನು ಬರುತ್ತದೆ, ಕಾಲು ಎಷ್ಟು ನಡೆಯಬೇಕಾಗುತ್ತದೆ ಎಂಬುದನ್ನೆಲ್ಲ ಅದೇ ಹೇಳಿಬಿಡುತ್ತದೆ.

ಸೆತೌಚಿ: ಮಳೆ ಬಾರದ ಒಳಗಡಲು

ಉತ್ತರಕ್ಕೆ ಚೂಗೊಕು ಬೆಟ್ಟಸಾಲು, ದಕ್ಷಿಣಕ್ಕೆ ಶಿಕೋಕುವಿನ ಬೆಟ್ಟಗಳು. ಚಳಿಗಾಲದ ಹಿಮಗಾಳಿ ಅಲ್ಲಿ ತಡೆಯುತ್ತದೆ, ಬೇಸಗೆಯ ಮಳೆಗಾಳಿ ಇಲ್ಲಿ. ನಡುವಿನ ಸಮುದ್ರ ಮಳೆನೆರಳಿನಲ್ಲಿ ಮಲಗಿದೆ. ನಮ್ಮ ಘಟ್ಟದ ಪೂರ್ವಕ್ಕಿರುವ ಬಯಲುಸೀಮೆಯ ಮೇಲೆ ಒಂದು ಸಮುದ್ರವನ್ನು ತಂದಿಟ್ಟರೆ ಹೇಗೋ ಹಾಗೆ. ನೀರು ತಿಳಿ, ಅಲೆ ಸಣ್ಣದು, ದಿಗಂತದಲ್ಲಿ ಒಂದರ ಹಿಂದೊಂದು ನೀಲಿ ದ್ವೀಪಗಳು. 1934ರಲ್ಲಿ ಜಪಾನ್ ತನ್ನ ಮೊದಲ ರಾಷ್ಟ್ರೀಯ ಉದ್ಯಾನಗಳನ್ನು ಘೋಷಿಸಿದಾಗ ಆ ಪಟ್ಟಿಯಲ್ಲಿ ಈ ಕಡಲೂ ಇತ್ತು.

ಮಳೆ ಕಡಿಮೆಯಾದ್ದರಿಂದ ತಕಮತ್ಸು ಇರುವ ಕಗಾವಾ ಪ್ರಾಂತ್ಯದ ತುಂಬ ಕೆರೆಗಳು. ಜಪಾನಿನ ಅತಿ ಚಿಕ್ಕ ಪ್ರಾಂತ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಕೋಲಾರದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಅವುಗಳಲ್ಲಿ ದೊಡ್ಡದಾದ ಮನ್ನೊ ಕೆರೆಯ ಏರಿ ಒಡೆದಾಗ 821ರಲ್ಲಿ ಅದನ್ನು ಮತ್ತೆ ಕಟ್ಟಿಸಿದವನು ಕೂಕಾಯ್ ಎಂಬ ಬೌದ್ಧ ಸನ್ಯಾಸಿ. ಈ ಹೆಸರನ್ನು ನೆನಪಿಡಿ, ನಾನ್ಕಿಯಲ್ಲಿ ಮತ್ತೆ ಸಿಗುತ್ತಾನೆ. ಭತ್ತಕ್ಕೆ ನೀರು ಸಾಲದ ಕಡೆ ಗೋಧಿ ಬೆಳೆದರು, ಬಿಸಿಲಿಗೆ ಸಮುದ್ರದ ಉಪ್ಪು ತೆಗೆದರು, ದಂಡೆಯ ಮೇಲೆ ಸಣ್ಣ ಮೀನು ಒಣಗಿಸಿದರು. ಗೋಧಿ, ಉಪ್ಪು, ಒಣಮೀನು ಮೂರೂ ಸೇರಿದ್ದೇ ಸನೂಕಿ ಉಡೊನ್ ಎಂಬ ಈ ಸೀಮೆಯ ದಪ್ಪ ನೂಡಲ್ಸ್. ಈಗ ಗೋಧಿಯ ಬಹುಪಾಲು ಆಸ್ಟ್ರೇಲಿಯಾದಿಂದ ಬರುತ್ತದೆ ಎಂಬುದನ್ನು ಊರಿನವರೇ ನಗುತ್ತ ಒಪ್ಪಿಕೊಳ್ಳುತ್ತಾರೆ.

ಉಡೊನ್ ಅಂಗಡಿಗೆ ಹೋಗುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮೊದಲ ದಿನ ನಾವಿಬ್ಬರೂ ಸಾಲಿನಲ್ಲಿ ಪೆಚ್ಚಾಗಿ ನಿಂತಿದ್ದೆವು. ಟ್ರೇ ತೆಗೆದುಕೊಳ್ಳಬೇಕು. ಒಂದು ಉಂಡೆಯೋ ಎರಡೋ ಎಂದು ಹೇಳಬೇಕು, ಒಂದಕ್ಕೆ ‘ಶೋ’, ಎರಡಕ್ಕೆ ‘ದಾಯ್’. ಬೇಯಿಸಿ ತಣ್ಣೀರಿನಲ್ಲಿ ತೊಳೆದ ನೂಡಲ್ಸ್ ಬಟ್ಟಲಿಗೆ ಬೀಳುತ್ತದೆ. ಹಳೆಯ ಕ್ರಮದ ಅಂಗಡಿಗಳಲ್ಲಿ ಅದನ್ನು ಹಿಡಿಕೆಯಿರುವ ಜಾಲರಿಗೆ ಹಾಕಿ, ಕುದಿನೀರಿನಲ್ಲಿ ಹತ್ತಿಪ್ಪತ್ತು ಸೆಕೆಂಡು ಅದ್ದಿ, ಝಾಡಿಸಿ, ಬಟ್ಟಲಿಗೆ ಸುರಿದುಕೊಳ್ಳುವುದು ನಿಮ್ಮದೇ ಕೆಲಸ. ಪಕ್ಕದಲ್ಲಿ ನಲ್ಲಿಯಿರುವ ಉಕ್ಕಿನ ಡಬ್ಬಿ. ತಿರುಗಿಸಿದರೆ ಬಿಸಿ ಸಾರು. ಮೇಲೆ ಹೆಚ್ಚಿದ ಈರುಳ್ಳಿಸೊಪ್ಪು, ತುರಿದ ಶುಂಠಿ. ಇಕ್ಕಳದಲ್ಲಿ ಎತ್ತಿಕೊಳ್ಳಲು ಹಿಟ್ಟಿನಲ್ಲಿ ಅದ್ದಿ ಕರಿದ ಟೆಂಪುರಾ, ಸಿಹಿಗೆಣಸಿನದೋ ಸಿಗಡಿಯದೋ. ಎಲ್ಲ ಸೇರಿ ಇನ್ನೂರು, ಮುನ್ನೂರು ರೂಪಾಯಿಯಲ್ಲಿ ಹೊಟ್ಟೆ ತುಂಬುತ್ತದೆ. ಜಪಾನಿನಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಒಳ್ಳೆಯ ಊಟವನ್ನು ನಾನು ಬೇರೆಲ್ಲೂ ಉಂಡಿಲ್ಲ. ಎಳೆಯನ್ನು ಕಚ್ಚಿದರೆ ಒಂದು ಕ್ಷಣ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಅಲ್ಲಿಯವರು ‘ಕೊಶಿ’ ಎನ್ನುತ್ತಾರೆ, ಎಂದರೆ ಸೊಂಟ. ಸೊಂಟ ಗಟ್ಟಿಯಿರುವ ನೂಡಲ್ಸ್!

ಇಲ್ಲಿಯೇ ಸಸ್ಯಾಹಾರಿಗಳಿಗೆ ಪೆಟ್ಟು. ನಲ್ಲಿಯಿಂದ ಬರುವ ಸಾರು ‘ಇರಿಕೊ’ ಎಂಬ ಬೆರಳುದ್ದದ ಒಣಮೀನನ್ನು ಕುದಿಸಿದ್ದು. ನನ್ನ ಮೂಗಿಗೆ ಅದು ಮಳೆಗಾಲದ ಅಮ್ಮನ ಅಡುಗೆಮನೆ, ನನ್ನ ಗಂಡನಿಗೆ ಎದ್ದು ಹೊರಗೆ ಹೋಗುವ ಕಾರಣ. ಸಾರಿಲ್ಲದೆ ಬರೀ ಸೋಯಾ ಸಾಸ್ ಹಾಕಿಕೊಳ್ಳುವ ‘ಕಿಜೋಯು’ ಉಡೊನ್ ಒಂದಿದೆ. ಆದರೆ ಹಲವು ಅಂಗಡಿಗಳಲ್ಲಿ ಆ ಸಾಸ್‌ಗೂ ಮೀನಿನ ಸಾರನ್ನು ಬೆರೆಸಿರುತ್ತಾರೆ. ‘ದಾಶಿ ಇದೆಯೇ?’ ಎಂದು ಕೇಳದೆ ಬಟ್ಟಲಿಗೆ ಸುರಿಯಬೇಡಿ. ದಾಶಿ ಎಂದರೆ ಸಾರಿನ ತಿಳಿ, ಎಲ್ಲದರಲ್ಲೂ ಕಣ್ಣಿಗೆ ಕಾಣದಂತೆ ಕೂತಿರುತ್ತದೆ. ನಾವು ಕೊನೆಗೆ ಒಂದು ಪುಟ್ಟ ಬಾಟಲಿ ಸೋಯಾ ಸಾಸನ್ನು ಚೀಲದಲ್ಲಿಟ್ಟುಕೊಂಡು ತಿರುಗಿದೆವು.

ಇನ್ನೊಂದು ಎಚ್ಚರಿಕೆ ನನ್ನದೇ ಪೆದ್ದುತನದ್ದು. ಹೆಸರಾದ ಅಂಗಡಿಗಳು ಮಧ್ಯಾಹ್ನದ ಹೊತ್ತಿಗೆ ನೂಡಲ್ಸ್ ಮುಗಿದೊಡನೆ ಬಾಗಿಲು ಹಾಕುತ್ತವೆ. ನಾವು ಬೆಳಿಗ್ಗೆ ಕೊತೊಹಿರಾದ ಕೊಂಪಿರಾ ದೇವಸ್ಥಾನಕ್ಕೆ ಹೋಗಿ, 785 ಮೆಟ್ಟಿಲು ಹತ್ತಿ ಇಳಿದು, ಹಸಿದ ಹೊಟ್ಟೆಯಲ್ಲಿ ಮೂರು ಗಂಟೆಗೆ ಬಂದರೆ ಬೀದಿಗೆ ಬೀದಿಯೇ ಮುಚ್ಚಿತ್ತು. ಮೊದಲು ಊಟ, ಆಮೇಲೆ ದೇವರು. ಅಂದ ಹಾಗೆ, ಕೊಂಪಿರಾ ನಾವಿಕರ ಕಾಯುವ ದೇವರು, ಆ ಹೆಸರಿನ ಮೂಲ ಸಂಸ್ಕೃತದ ‘ಕುಂಭೀರ’. ನಮ್ಮ ನಿಘಂಟುಗಳಲ್ಲಿ ಮೊಸಳೆ ಎಂಬ ಅರ್ಥದಲ್ಲಿ ಇರುವ ಅದೇ ಪದ. ಮೆಟ್ಟಿಲು ಹತ್ತುವ ಮುಂಚೆ ಇದು ಗೊತ್ತಿದ್ದರೆ ಕಾಲುನೋವು ಸ್ವಲ್ಪ ಕಡಿಮೆಯಾಗುತ್ತಿತ್ತೇನೋ.

ಸೆತೌಚಿಯ ಉಳಿದ ಸುಖವೆಲ್ಲ ದೋಣಿಯಲ್ಲಿದೆ. ತಕಮತ್ಸು ಬಂದರಿನಿಂದ ಶೋದೊಶಿಮಾ ದ್ವೀಪಕ್ಕೆ ಫೆರ್ರಿಯಲ್ಲಿ ಒಂದು ಗಂಟೆ. 1908ರಲ್ಲಿ ಜಪಾನ್ ಮೂರು ಪ್ರಾಂತ್ಯಗಳಲ್ಲಿ ಆಲಿವ್ ಗಿಡಗಳನ್ನು ನೆಟ್ಟು ನೋಡಿತು, ಬದುಕಿ ಹಣ್ಣು ಕೊಟ್ಟದ್ದು ಇಲ್ಲಿ ಮಾತ್ರ. ಆಳೆತ್ತರದ ಮರದ ಪೀಪಾಯಿಗಳಲ್ಲಿ ಸೋಯಾ ಸಾಸ್ ಹುದುಗಿಸುವ ಮನೆಗಳೂ ಇಲ್ಲಿವೆ. ಒಳಗೆ ಹೋದರೆ ಗೋಡೆ, ತೊಲೆಗಳೆಲ್ಲ ಕಪ್ಪುಹಿಡಿದು, ಹುಳಿಬಂದ ಹಿಟ್ಟಿಗೂ ಬೆಲ್ಲಕ್ಕೂ ನಡುವಿನ ಒಂದು ವಾಸನೆ. ದಿನಕ್ಕೆ ಎರಡು ಸಲ ಸಮುದ್ರ ಇಳಿದಾಗ ಮೂಡುವ ಮರಳಿನ ಹಾದಿಯಲ್ಲಿ ಪಕ್ಕದ ಪುಟ್ಟ ದ್ವೀಪಗಳಿಗೆ ನಡೆದು ಹೋಗಬಹುದು, ಇಳಿತದ ವೇಳಾಪಟ್ಟಿ ನೋಡಿಕೊಂಡರೆ. ನಾವೊಶಿಮಾ ದ್ವೀಪದಲ್ಲಿ ಕಲಾವಿದೆ ಕುಸಾಮಾ ಯಾಯೊಯಿ ಅವರ ಹಳದಿ ಕುಂಬಳಕಾಯಿ ಶಿಲ್ಪದ ಮುಂದೆ ಫೋಟೊಗೆ ಸಾಲಿರುತ್ತದೆ. 2021ರಲ್ಲಿ ಚಂಡಮಾರುತ ಅದನ್ನು ಸಮುದ್ರಕ್ಕೆ ಎಳೆದೊಯ್ದು ಒಡೆದಿತ್ತು, ಈಗಿರುವುದು 2022ರಲ್ಲಿ ಹೊಸದಾಗಿ ಕೂರಿಸಿದ್ದು. ಸೋಮವಾರ ಅಲ್ಲಿಗೆ ಹೋಗಬೇಡಿ, ಬಹಳಷ್ಟು ಸಂಗ್ರಹಾಲಯಗಳಿಗೆ ರಜೆ. ಸೈಕಲ್ ಹೊಡೆಯುವವರಿಗೆ ಒನೊಮಿಚಿಯಿಂದ ಇಮಬಾರಿಯವರೆಗೆ ಆರು ದ್ವೀಪಗಳನ್ನು ಸೇತುವೆಗಳು ಪೋಣಿಸಿದ ಸುಮಾರು 70 ಕಿಲೋಮೀಟರಿನ ಶಿಮನಾಮಿ ದಾರಿಯಿದೆ.

ಮೀನು ತಿನ್ನುವವರಿಗೆ: ಚಳಿಗಾಲದಲ್ಲಿ ಹಿರೊಶಿಮಾದ ಕಡೆಗೆ ಸರಿದರೆ ನೀಲಿಕಲ್ಲಿನಂತೆ ಚಿಪ್ಪಿನೊಳಗೆ ಬೆಳೆಯುವ ಸಿಂಪಿ, ಅದೂ ಜಪಾನಿನಲ್ಲೇ ಅತಿ ಹೆಚ್ಚು ಬೆಳೆಯುವ ಕಡೆ. ಶಿಕೋಕುವಿನ ಎಹಿಮೆ ಪ್ರಾಂತ್ಯದಲ್ಲಿ ‘ತಾಯ್’ ಮೀನಿನ ಅನ್ನ. ಮತ್ಸುಯಾಮಾದಲ್ಲಿ ಅದನ್ನು ಅಕ್ಕಿಯ ಜೊತೆಗೇ ಬೇಯಿಸುತ್ತಾರೆ, ಉವಾಜಿಮಾದಲ್ಲಿ ಹಸಿಮೀನನ್ನು ಹಸಿಮೊಟ್ಟೆಯಲ್ಲಿ ಕಲಸಿ ಬಿಸಿ ಅನ್ನಕ್ಕೆ ಸುರಿಯುತ್ತಾರೆ. ನನಗೆ ಮೊದಲನೆಯದು ಸಾಕು.

ಇಜು: ಒರತೆಯ ನಾಡು, ರಜಾದಿನದ ಗದ್ದಲ

ಇಜು ಒಂದು ಕಾಲಕ್ಕೆ ದಕ್ಷಿಣದ ಸಮುದ್ರದಲ್ಲಿದ್ದ ಜ್ವಾಲಾಮುಖಿಗಳ ಗುಂಪು. ಫಿಲಿಪೈನ್ ಸಮುದ್ರದ ಭೂಫಲಕದ ಜೊತೆ ತೇಲುತ್ತ ಬಂದು ಹೋನ್ಶುವಿಗೆ ಡಿಕ್ಕಿ ಹೊಡೆದು ಅಂಟಿಕೊಂಡಿದೆ. ಹಾಗಾಗಿ ತೀರದಲ್ಲಿ ಮರಳಿಗಿಂತ ಕರಿಬಂಡೆ ಹೆಚ್ಚು, ಊರೂರಿಗೂ ಬಿಸಿನೀರಿನ ಬುಗ್ಗೆ. ಜೋಗಸಾಕಿ ಎಂಬಲ್ಲಿ ಸುಮಾರು 4,000 ವರ್ಷಗಳ ಹಿಂದೆ ಓಮುರೊ ಬೆಟ್ಟದಿಂದ ಹರಿದ ಲಾವಾ ಸಮುದ್ರ ಸೇರಿ ಗಟ್ಟಿಯಾದ ಕೋಡುಗಲ್ಲುಗಳಿವೆ. ಅವುಗಳ ನಡುವೆ 23 ಮೀಟರ್ ಎತ್ತರದಲ್ಲಿ ತೂಗುಸೇತುವೆ. ಕೆಳಗೆ ಅಲೆ ಒಡೆಯುವಾಗ ಹಲಗೆ ಅಲುಗುತ್ತದೆ, ನಿಮಗೆ ಹಾಗೆ ಅನ್ನಿಸಿದರೂ ಅನ್ನಿಸಿತು.

ಜ್ವಾಲಾಮುಖಿಯ ಸಡಿಲ ಕಲ್ಲಿನೊಳಗೆ ಮಳೆನೀರು ಇಳಿದು ಅಮಾಗಿ ಬೆಟ್ಟದ ಬುಡದಲ್ಲಿ ವರ್ಷವಿಡೀ ಒಂದೇ ತಂಪಿನ ಒರತೆಯಾಗಿ ಹೊರಬರುತ್ತದೆ. ಅದರಲ್ಲಿ ವಸಾಬಿ ಎಂಬ ಖಾರದ ಬೇರನ್ನು ಬೆಳೆಯುತ್ತಾರೆ. ನಮ್ಮ ಊರುಗಳಲ್ಲಿ ಹಸಿರು ಪೇಸ್ಟಾಗಿ ಸಿಗುವುದು ಬಹುಮಟ್ಟಿಗೆ ಬೇರೊಂದು ಮೂಲಂಗಿಜಾತಿಯ ಬೇರಿಗೆ ಬಣ್ಣ ಹಾಕಿದ್ದು. ಕವಾಜುವಿನಲ್ಲಿ ಒಂದು ಸಣ್ಣ ಹೋಟೆಲಿನಲ್ಲಿ ನಮ್ಮ ಮುಂದೆ ಬಿಸಿ ಅನ್ನ, ಒಂದು ಗಂಟು ಬೇರು ಮತ್ತು ತುರಿಯುವ ಹಲಗೆ ತಂದಿಟ್ಟರು. ವೃತ್ತಾಕಾರದಲ್ಲಿ, ಒತ್ತಡ ಹಾಕದೆ, ಗಂಧ ತೇಯುವ ಹಾಗೆ ತೇಯಬೇಕು. ತೇಯ್ದ ಮೇಲೆಯೇ ಖಾರ ಹುಟ್ಟುತ್ತದೆ, ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ. ಖಾರಕ್ಕಿಂತ ಮೊದಲು ಒಂದು ಎಳೆ ಸಿಹಿ ಬರುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅನ್ನದ ಮೇಲೆ ಉದುರಿಸುವ ಒಣ ಬೊನಿಟೊ ಮೀನಿನ ಚೂರನ್ನು ಬೇಡವೆಂದು ಮೊದಲೇ ಹೇಳಿದ್ದರಿಂದ ನನ್ನ ಗಂಡನೂ ಆ ದಿನ ಮನಸಾರೆ ಉಂಡರು, ಕಣ್ಣಲ್ಲಿ ನೀರು ತುಂಬಿಕೊಂಡು.

ಮೀನಿನಲ್ಲಿ ಇಜುವಿನ ಹೆಮ್ಮೆ ಕಿನ್ಮೆದಾಯ್. ಆಳಸಮುದ್ರದ ಕೆಂಪು ಮೀನು, ನಾಣ್ಯದಷ್ಟು ದೊಡ್ಡ ಹೊಳೆಯುವ ಕಣ್ಣು. ಶಿಮೊದಾ ಬಂದರು ಅದಕ್ಕೇ ಹೆಸರಾದದ್ದು. ಸೋಯಾ ಸಾಸ್, ಸಕ್ಕರೆ ಹಾಕಿ ಕುದಿಸಿ ಬತ್ತಿಸಿದ್ದು ಕರಾವಳಿಯ ನಾಲಗೆಗೆ ಮೊದಲು ಅತಿಸಿಹಿ ಎನಿಸುತ್ತದೆ. ಎರಡನೆಯ ತುತ್ತಿಗೆ ಒಗ್ಗುತ್ತದೆ, ಹುಣಸೆಹುಳಿಯ ನೆನಪು ಮಾತ್ರ ಬಿಡುವುದಿಲ್ಲ. ಪಶ್ಚಿಮ ದಂಡೆಯ ಹೆದಾದಲ್ಲಿ ಜೇಡದಂತೆ ಉದ್ದಕಾಲಿನ ಏಡಿ ಸಿಗುತ್ತದೆ. ಸುಮಾರು 2,500 ಮೀಟರ್ ಆಳವಿರುವ ಸುರುಗಾ ಕೊಲ್ಲಿಯದು. ಅದೇ ಕೊಲ್ಲಿಯಾಚೆ, ಆಕಾಶ ತಿಳಿಯಾಗಿದ್ದರೆ, ಫ್ಯೂಜಿ ಪರ್ವತ ಸಮುದ್ರದಿಂದೆದ್ದಂತೆ ಕಾಣುತ್ತದೆ.

ಇಜುವಿನ ಗುಣವೂ ದೋಷವೂ ಒಂದೇ: ಟೋಕಿಯೊ ಹತ್ತಿರ. ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನಲ್ಲಿ ಇಜುವಿನ ಬಾಗಿಲಾದ ಅತಾಮಿಗೆ ಮುಕ್ಕಾಲು ಗಂಟೆ. ಬೆಂಗಳೂರಿನಿಂದ ಟೋಕಿಯೊದ ನರೀತಾ ನಿಲ್ದಾಣಕ್ಕೆ ನೇರ ವಿಮಾನ ಹಿಡಿದು ಬಂದವರು ಅದೇ ಸಂಜೆ ಬಿಸಿನೀರಿನ ಕೊಳದಲ್ಲಿ ಕಾಲು ಚಾಚಬಹುದು. ಶನಿವಾರ ಟೋಕಿಯೊದ ಜನರೂ ಅದನ್ನೇ ಮಾಡುತ್ತಾರೆ. ಶನಿವಾರದ ರಾತ್ರಿಗೆ ಕೋಣೆ ದುಬಾರಿ, ಫೆಬ್ರುವರಿಯಲ್ಲಿ ಕವಾಜುವಿನ ಚೆರ್ರಿ ಹೂ ಬೇಗ ಅರಳುವ ಹೊತ್ತಿಗಂತೂ ರೈಲಿನಲ್ಲಿ ನಿಲ್ಲಲು ಜಾಗವಿಲ್ಲ. ಸೋಮವಾರದಿಂದ ಗುರುವಾರದೊಳಗೆ ಹೋಗಲಾಗದಿದ್ದರೆ ಇಜುವನ್ನು ಬಿಟ್ಟುಬಿಡಿ ಎಂದೇ ಹೇಳುತ್ತೇನೆ. ಪಶ್ಚಿಮ ದಂಡೆಗೆ ರೈಲೇ ಇಲ್ಲ, ಬಸ್ಸನ್ನೋ ಬಾಡಿಗೆ ಕಾರನ್ನೋ ನಂಬಬೇಕು.

ನಾನ್ಕಿ: ಮಳೆ, ಕಾಡು, ಉಪ್ಪಿನಕಾಯಿ

ಕುರೊಶಿಯೊ ಎಂಬ ಬೆಚ್ಚನೆಯ ಸಾಗರಪ್ರವಾಹ ಈ ತೀರವನ್ನು ಸವರಿಕೊಂಡು ಹೋಗುತ್ತದೆ, ಬೆಟ್ಟಗಳು ಸಮುದ್ರಕ್ಕೆ ಅಂಟಿಕೊಂಡೇ ಎದ್ದಿವೆ. ಫಲ ಏನೆಂದು ಹೊನ್ನಾವರದವರಿಗೂ ಆಗುಂಬೆಯವರಿಗೂ ಗೊತ್ತು. ಕಡುಹಸಿರು ಕಾಡು, ಪಾಚಿಗಟ್ಟಿದ ಕಲ್ಲುಮೆಟ್ಟಿಲು, 133 ಮೀಟರ್ ಎತ್ತರದಿಂದ ಒಂದೇ ಎಳೆಯಾಗಿ ಬೀಳುವ ನಾಚಿ ಜಲಪಾತ. ದೈಮೊನ್‌ಜಾಕಾದ ಕಲ್ಲುಹಾದಿಯಲ್ಲಿ ದೇವದಾರುವಿನಂಥ ಹಳೆಯ ಮರಗಳ ನಡುವೆ ಹತ್ತಿಹೋದರೆ ಜಲಪಾತದ ಪಕ್ಕಕ್ಕೆ ಸೇಗಾಂತೊ-ಜಿ ದೇವಾಲಯ. ಭಾರತದಿಂದ ದೋಣಿಯಲ್ಲಿ ತೇಲಿಬಂದ ರಾಗ್ಯೊ ಎಂಬ ಸನ್ಯಾಸಿ ಅದನ್ನು ಸ್ಥಾಪಿಸಿದನೆಂಬುದು ಸ್ಥಳಪುರಾಣ. ರಾಗ್ಯೊ ಎಂದರೆ ಬತ್ತಲೆ ರೂಪದವನು. ಶ್ರವಣಬೆಳಗೊಳ ಕಂಡವರಿಗೆ ಆ ಪುರಾಣ ಕೇಳಿ ಏನೇನೋ ಹೊಳೆಯುತ್ತದೆ, ಅದು ಬರೀ ಹೊಳಹು ಎಂದುಕೊಂಡು ಮುಂದೆ ನಡೆಯಬೇಕು.

ಬೆಳಿಗ್ಗೆ ಏಳಕ್ಕೆ ಕತ್ಸುಉರಾದ ಬಂದರಿನಲ್ಲಿ ಟ್ಯೂನಾ ಹರಾಜು. ಮಂಜುಗಡ್ಡೆಯಾಗಿಸದೆ ತಾಜಾ ತರುವ ಟ್ಯೂನಾಕ್ಕೆ ಈ ಬಂದರು ಹೆಸರುವಾಸಿ. ಮೇಲಂತಸ್ತಿನಲ್ಲಿ ನಿಂತು ನೋಡಲು ಬಿಡುತ್ತಾರೆ. ಒದ್ದೆ ನೆಲದ ಮೇಲೆ ಸಾಲಾಗಿ ಮಲಗಿಸಿದ ಮೀನುಗಳು, ಬಾಲದ ಬಳಿ ಕತ್ತರಿಸಿದ ಜಾಗವನ್ನು ಬಾಗಿ ನೋಡಿ ಕೊಬ್ಬನ್ನು ಅಂದಾಜಿಸುವ ವ್ಯಾಪಾರಿಗಳು. ನಮ್ಮ ಬಂದರುಗಳ ಕೂಗಾಟ ಅಲ್ಲಿಲ್ಲ, ಕಾಗೆಯೂ ಇಲ್ಲ, ಅದೊಂದು ಕೊರತೆಯೇ ಅನ್ನಿಸಿತು.

ಈ ಸೀಮೆಯ ಇನ್ನೊಂದು ರುಚಿ ಉಮೆಬೊಶಿ, ಉಮೆ ಎಂಬ ಹುಳಿಹಣ್ಣಿನ ಉಪ್ಪಿನಕಾಯಿ. ಜಪಾನಿನ ಉಮೆ ಹಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ವಕಯಾಮಾದಲ್ಲೇ ಬೆಳೆಯುತ್ತದೆ, ಮಿನಾಬೆ ಅದರ ತವರು. ಜೂನ್‌ನಲ್ಲಿ ಹಣ್ಣು ಕೊಯ್ದು, ಉಪ್ಪಿನಲ್ಲಿ ಮುಳುಗಿಸಿ, ಮಳೆ ಬಿಟ್ಟ ಮೇಲೆ ಬಿಸಿಲಿಗೆ ಹರವುತ್ತಾರೆ. ಮಾವಿನಮಿಡಿಯನ್ನು ಉಪ್ಪಿಗೆ ಹಾಕಿ ಚಿರುಟುವವರೆಗೆ ಕಾಯುವ ಮಲೆನಾಡಿನ ಮನೆಗಳಿಗೆ ಇದು ಗೊತ್ತಿರುವ ಕೆಲಸವೇ. ನನ್ನ ಗಂಡ ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಕಿರಿದು ಮಾಡಿ, ‘ಮೊಸರನ್ನ ಎಲ್ಲಿ?’ ಎಂದರು. ಕೊಳ್ಳುವಾಗ ಮಾತ್ರ ನೋಡಿ: ಜೇನು ಬೆರೆಸಿದ್ದು, ಬೊನಿಟೊ ಮೀನು ಬೆರೆಸಿದ್ದು ಎಂದು ಬೇರೆ ಬೇರೆ ಬಗೆಗಳಿವೆ. ಸಾಸಿವೆಜಾತಿಯ ಸೊಪ್ಪಿನ ಉಪ್ಪಿನಕಾಯಿಯ ಎಲೆಯಲ್ಲಿ ಅನ್ನದುಂಡೆ ಸುತ್ತಿದ ಮೆಹಾರಿಜುಶಿಯೂ ದಾರಿಖರ್ಚಿಗೆ ಒಳ್ಳೆಯದು. ಕೆಲವರು ಅದಕ್ಕೂ ಮೀನಿನ ಚೂರು ಹಾಕುತ್ತಾರೆ, ಕೇಳಿಕೊಳ್ಳಿ.

ಶಿರಹಾಮಾದ ಬಿಳಿ ಮರಳಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ಕೊಚ್ಚಿಹೋದ ಮರಳನ್ನು ತುಂಬಲು ಆಸ್ಟ್ರೇಲಿಯಾದಿಂದ ತರಿಸಿದ್ದೂ ಉಂಟು ಎಂಬುದನ್ನು ಕೆಲವರೇ ಬರೆಯುತ್ತಾರೆ. ಉಡೊನ್‌ನ ಗೋಧಿ ಅಲ್ಲಿಂದ, ಕಡಲತೀರದ ಮರಳೂ ಅಲ್ಲಿಂದ! ಹಳೆಯ ಕೈಪಿಡಿಗಳು ಹೇಳುವ ದೈತ್ಯ ಪಾಂಡಾಗಳು 2025ರ ಜೂನ್‌ನಲ್ಲಿ ಚೀನಾಕ್ಕೆ ಮರಳಿವೆ, ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಸಮುದ್ರದ ಅಂಚಿನ ಬಂಡೆಯಲ್ಲಿರುವ ಸಾಕಿನೊಯು ಬಿಸಿನೀರಿನ ಕೊಳ ಮಾತ್ರ ಹಾಗೆಯೇ ಇದೆ.

ಅಪ್ಪಟ ಸಸ್ಯಾಹಾರಿಗಳು ಇದೇ ಪ್ರಾಂತ್ಯದ ಉತ್ತರಕ್ಕೆ, ಕೊಯಾಸಾನ್ ಬೆಟ್ಟದ ಮೇಲೆ ಒಂದು ರಾತ್ರಿ ಇರಬೇಕು. ಕೆರೆ ಕಟ್ಟಿಸಿದ ಅದೇ ಕೂಕಾಯ್‌ಗೆ 816ರಲ್ಲಿ ಚಕ್ರವರ್ತಿ ಕೊಟ್ಟ ಜಾಗ. ಐವತ್ತರಷ್ಟು ಮಠಗಳು ಅತಿಥಿಗಳಿಗೆ ಕೋಣೆ ಕೊಡುತ್ತವೆ. ಊಟ ಶೋಜಿನ್ ಪದ್ಧತಿಯದು: ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರಿನ ತಿಳಿ ಕಡಲಕಳೆ ಮತ್ತು ಅಣಬೆಯದು. ಎಳ್ಳಿನ ತೋಫು ಬಾಯಲ್ಲಿ ಕರಗುತ್ತದೆ. ಹದಿನೈದು ದಿನಗಳಲ್ಲಿ ನನ್ನ ಗಂಡ ಏನನ್ನೂ ಕೇಳದೆ, ಯಾವುದನ್ನೂ ಅನುಮಾನಿಸದೆ ಕಣ್ಣುಮುಚ್ಚಿ ಉಂಡದ್ದು ಅದೊಂದೇ ಊಟ. ಆದರೆ ಅದು 800 ಮೀಟರ್ ಎತ್ತರ, ಚಳಿ ಜಾಸ್ತಿ, ಕರಾವಳಿಯಿಂದ ಅಲ್ಲಿಗೆ ತಲುಪಲು ಅರ್ಧ ದಿನಕ್ಕೂ ಮೇಲೆ ಬೇಕು. ಒಸಾಕಾದಿಂದ ಮೊದಲು ಬೆಟ್ಟ ಹತ್ತಿ ಇಳಿದು ಆಮೇಲೆ ಕಡಲಿಗೆ ಹೋಗುವುದು ಸಲೀಸು.

ಹಾಗಾದರೆ ಯಾವುದು?

ಟೋಕಿಯೊ ಪ್ರವಾಸದ ಬಾಲಕ್ಕೆ ಎರಡು ಮೂರು ದಿನ ಮಾತ್ರ ಉಳಿದಿದ್ದರೆ ಯೋಚಿಸುವುದೇ ಬೇಡ, ಇಜು. ಅದಕ್ಕಾಗಿ ಸೆತೌಚಿಗೆ ಓಡುವುದು ದಂಡ: ಟೋಕಿಯೊದಿಂದ ಒಕಾಯಾಮಾ ಮೂಲಕ ತಕಮತ್ಸುವಿಗೆ ನಾಲ್ಕೂವರೆ ಗಂಟೆ. ರಾತ್ರಿ ರೈಲಿನ ಹುಚ್ಚಿದ್ದವರಿಗೆ ಸನ್‌ರೈಸ್ ಸೆತೊ ಇದೆ. ಟೋಕಿಯೊದಲ್ಲಿ ಹತ್ತು ಗಂಟೆಗೆ ಸ್ವಲ್ಪ ಮೊದಲು ಹತ್ತಿದರೆ ಮುಂಜಾನೆ, 1988ರಲ್ಲಿ ತೆರೆದ ಸೆತೊ ಮಹಾಸೇತುವೆಯ ಮೇಲೆ ಎಚ್ಚರವಾಗುತ್ತದೆ. ಟಿಕೆಟ್ ಸಿಗುವುದು ಕಷ್ಟ, ಸಿಕ್ಕರೆ ಬಿಡಬೇಡಿ.

ನಾಲ್ಕೈದು ದಿನಗಳಿದ್ದು, ಮೊದಲ ಸಲ ಹೋಗುವವರಾಗಿ, ಜೊತೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದರೆ ನನ್ನ ಮತ ಸೆತೌಚಿಗೆ. ಮಳೆಯ ಭಯ ಕಡಿಮೆ, ನೆಲ ಹೆಚ್ಚಾಗಿ ಸಮತಟ್ಟು, ದೋಣಿಯಲ್ಲಿ ಕೂತೇ ಅರ್ಧ ದೃಶ್ಯ ನೋಡಿ ಮುಗಿಯುತ್ತದೆ. ಕೊಂಪಿರಾದ ಮೆಟ್ಟಿಲು ಬಿಟ್ಟರಾಯಿತು. ತಕಮತ್ಸುವಿನಲ್ಲಿ ಒಂದೇ ಕೋಣೆ ಹಿಡಿದು ದಿನಕ್ಕೊಂದು ದ್ವೀಪ, ಚೀಲ ಕಟ್ಟಿ ಬಿಚ್ಚುವ ಕೆಲಸವಿಲ್ಲ. ಖರ್ಚಿನಲ್ಲೂ ಇದೇ ಕಡಿಮೆ. ಇಜುವಿನಲ್ಲಿ ಸಾಂಪ್ರದಾಯಿಕ ವಸತಿಗೃಹಗಳು ಬಾಡಿಗೆಯನ್ನು ಕೋಣೆಗಲ್ಲ, ತಲೆಗೆ ಇಷ್ಟೆಂದು ಎರಡು ಊಟ ಸೇರಿಸಿ ಲೆಕ್ಕ ಹಾಕುತ್ತವೆ, ತಲೆಗೆ 15,000 ಯೆನ್‌ನಿಂದ ಮೇಲಕ್ಕೆ ಸುಲಭವಾಗಿ ಏರುತ್ತದೆ. ಆ ಎರಡು ಊಟವೂ ಮೀನಿನದೇ. ಸಸ್ಯಾಹಾರಿಯೆಂದು ಕೋಣೆ ಕಾದಿರಿಸುವಾಗಲೇ ಬರೆಯದೆ ಸಂಜೆ ಹೋಗಿ ಹೇಳಿದರೆ ಅವರಿಗೂ ಮುಜುಗರ, ನಿಮಗೂ ಉಪವಾಸ.

ನಾನ್ಕಿ ನಡೆಯುವವರಿಗೆ, ಜಪಾನನ್ನು ಎರಡನೆಯ ಸಲ ನೋಡುವವರಿಗೆ. ಒಸಾಕಾದಿಂದ ಕುರೊಶಿಯೊ ರೈಲಿನಲ್ಲಿ ಕತ್ಸುಉರಾಗೆ ಸುಮಾರು ನಾಲ್ಕು ಗಂಟೆ. ಹೋಗುವಾಗ ಬಲಗಡೆ ಕೂರಿ, ಸಮುದ್ರ ಆ ಕಡೆ. ಬಸ್ಸುಗಳು ವಿರಳ, ಒಂದು ತಪ್ಪಿದರೆ ಇನ್ನೊಂದಕ್ಕೆ ಎರಡು ಗಂಟೆ ಕಾಯಬೇಕಾದೀತು. ಗಂಡನಿಗೆ ಕೊಯಾಸಾನ್, ಹೆಂಡತಿಗೆ ಕತ್ಸುಉರಾ ಎಂಬ ನಮ್ಮಂಥ ಮನೆಗಳಿಗೆ ಇಬ್ಬರ ಹೊಟ್ಟೆಯೂ ತಣಿಯುವುದು ಇಲ್ಲೊಂದೇ ಕಡೆ.

ಕಾಲದ ಮಾತು. ಜೂನ್ ಆರಂಭದಿಂದ ಜುಲೈ ನಡುವಿನವರೆಗೆ ಮೂರಕ್ಕೂ ಮಳೆಗಾಲ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಚಂಡಮಾರುತ ಬಂದರೆ ನಾನ್ಕಿ ಮತ್ತು ಇಜುವಿಗೇ ಮೊದಲ ಹೊಡೆತ. ಏಪ್ರಿಲ್ ಕೊನೆಯ ವಾರ, ಮೇ ಮೊದಲ ವಾರ ಜಪಾನೀಯರದೇ ಸಾಲುರಜೆ, ಆಗ ಎಲ್ಲಿಗೂ ಬೇಡ. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಸೆತೌಚಿಗೂ ನಾನ್ಕಿಗೂ ಹೊಂದುವ ಕಾಲ, ಮಿಕಾನ್ ಕಿತ್ತಳೆ ಆಗ ಮಾರುಕಟ್ಟೆಗೆ ಬಂದಿರುತ್ತದೆ.

ಮೂರನ್ನೂ ಒಂದೇ ಸಲ ಪೋಣಿಸುವ ಆಸೆಗೆ ರೈಲ್ವೆಯ ಪಾಸ್ ಮೊದಲು ನೆರವಾಗುತ್ತಿತ್ತು. ಇಡೀ ದೇಶದ ಏಳು ದಿನಗಳ ಪಾಸ್ 2023ರ ಅಕ್ಟೋಬರ್‌ನಲ್ಲಿ 29,650 ಯೆನ್‌ನಿಂದ 50,000 ಯೆನ್‌ಗೆ ಏರಿದ ಮೇಲೆ ಆ ಲೆಕ್ಕ ಕೈಬಿಟ್ಟಿದೆ. ಇಜುವಿನಲ್ಲಂತೂ ಇತೊ ನಿಲ್ದಾಣದಿಂದ ಆಚೆಗೆ ಖಾಸಗಿ ರೈಲು, ಪಾಸ್ ನಡೆಯುವುದೇ ಇಲ್ಲ. ಒಂದು ಕರಾವಳಿ ಆರಿಸಿ ಆಯಾ ಪ್ರದೇಶದ ಪಾಸ್ ಸಿಗುವುದೇ ನೋಡಿ.

ಇನ್ನೊಂದು. ಇಜುವಿನಲ್ಲೂ ನಾನ್ಕಿಯಲ್ಲೂ ಬೀದಿಯ ಕಂಬಗಳ ಮೇಲೆ ಈ ಜಾಗ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎಂದು ಬರೆದಿರುತ್ತದೆ, ಓಡಬೇಕಾದ ಗುಡ್ಡದ ಕಡೆಗೆ ಬಾಣದ ಗುರುತಿರುತ್ತದೆ. ವಕಯಾಮಾದ ಹಿರೊ ಎಂಬ ಹಳ್ಳಿಯಲ್ಲಿ 1854ರ ಸುನಾಮಿಯ ರಾತ್ರಿ ಹಮಗುಚಿ ಗೊರ್ಯೊ ಎಂಬ ಸೋಯಾ ಸಾಸ್ ಮನೆತನದ ಯಜಮಾನ ಭತ್ತದ ಹುಲ್ಲಿನ ಮೆದೆಗಳಿಗೆ ಬೆಂಕಿ ಹಚ್ಚಿ ಕತ್ತಲಲ್ಲಿ ಜನರಿಗೆ ಗುಡ್ಡದ ದಾರಿ ತೋರಿಸಿದ. ವಿಶ್ವ ಸುನಾಮಿ ಜಾಗೃತಿ ದಿನ ನವೆಂಬರ್ 5ಕ್ಕೆ ಬರುವುದು ಆ ರಾತ್ರಿಯ ನೆನಪಿಗೆ. ಕೋಣೆ ಸೇರಿದ ಮೊದಲ ಸಂಜೆ ಸ್ನಾನಕ್ಕೆ ಹೋಗುವ ಮುನ್ನ ಆ ಬಾಣ ಎತ್ತ ತೋರಿಸುತ್ತದೆ ಎಂದು ಒಮ್ಮೆ ಹೊರಗೆ ಬಂದು ನೋಡಿಕೊಳ್ಳಿ, ಐದು ನಿಮಿಷದ ಕೆಲಸ.